ಮೀನಿನ ಲೈಸೆನ್ಸ್ ವಾಪಸ್ ಕೊಟ್ಟರೆ ಸರ್ಕಾರದಿಂದ ದುಡ್ಡು: ಕೇಳುವ ಮೊದಲು, ನಮ್ಮ ಮಾಹಿತಿ ಯಾರ ಕೈಗೆ ಹೋಗುತ್ತದೆ?

ಬಲೆಗಾರ_ತಮ್ಮ
ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯವನು. ನಮ್ಮ ಮೀನುಗಾರರ ಸಂಘದ ಲೆಕ್ಕಪತ್ರ ಬರೆಯಲು ಸಹಾಯ ಮಾಡುತ್ತೇನೆ. ಊರಿನ ಹೆಸರು, ಜಲಾಶಯದ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಯಾರ ಮನೆಯ ಮಾತು ಅಂತ ಕೂಡಲೇ ಗೊತ್ತಾಗಿಬಿಡುತ್ತದೆ.

ವಿಷಯ ಇಷ್ಟು. ನಮ್ಮಲ್ಲಿ ವಯಸ್ಸಾದ ಮೀನುಗಾರರೇ ಜಾಸ್ತಿ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ. ನೀರಿಗೆ ಇಳಿಯುವ ಶಕ್ತಿ ಇಲ್ಲ, ಆದರೆ ಲೈಸೆನ್ಸ್ ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ಅಮೆರಿಕದ ಟೆಕ್ಸಾಸ್ ಕಡೆ ಸರ್ಕಾರವೇ ದುಡ್ಡು ಕೊಟ್ಟು ಲೈಸೆನ್ಸ್ ವಾಪಸ್ ಪಡೆಯುತ್ತದೆ ಅಂತ ಸಭೆಯಲ್ಲಿ ಮಾತು ಬಂತು. ನಾವೂ ಇಲಾಖೆಗೆ ಮನವಿ ಕೊಡೋಣ ಅಂತ ತೀರ್ಮಾನ ಆಯಿತು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ಮನವಿಗೆ ಅಂಕಿಅಂಶ ಬೇಕು ಅಂತ ಹುಡುಗರು ಒಂದು ಆನ್‌ಲೈನ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹೆಸರು, ಆಧಾರ್ ನಂಬರ್, ಪಾಸ್‌ಬುಕ್ ಫೋಟೊ, ಫೋನ್, ಜಾತಿ, ವರ್ಷಕ್ಕೆ ಎಷ್ಟು ಮೀನು ಹಿಡಿಯುತ್ತೀರಿ, ಯಾರ ಹತ್ತಿರ ಎಷ್ಟು ಸಾಲ. ಕೊನೆಗೆ ಒಂದು ಪ್ರಶ್ನೆ: "ಎಷ್ಟು ದುಡ್ಡು ಕೊಟ್ಟರೆ ಲೈಸೆನ್ಸ್ ಬಿಡುತ್ತೀರಿ?" ತುಂಬಿದ್ದೆಲ್ಲ ಒಂದು ಶೀಟಿಗೆ ಹೋಗಿ ಬಿದ್ದಿದೆ. ಲಿಂಕ್ ಇದ್ದವರೆಲ್ಲ ಅದನ್ನು ನೋಡಬಹುದು. ಆ ಲಿಂಕ್ ಈಗ ಎಷ್ಟು ಗ್ರೂಪ್ ಸುತ್ತಿದೆಯೋ ದೇವರೇ ಬಲ್ಲ.

ಮೊನ್ನೆ ಒಬ್ಬ ಹಿರಿಯರ ಮನೆಗೆ ಮುಂಗಡ ಕೊಟ್ಟ ವ್ಯಾಪಾರಿ ಬಂದಿದ್ದಾನೆ. "60 ಸಾವಿರ ಸಿಕ್ಕರೆ ಬಿಡ್ತೀಯಂತಲ್ಲ ಕಾಕಾ, ಸರ್ಕಾರಕ್ಕ್ಯಾಕೆ, ನನ್ನ ಬಾಕಿ ಮುರಿದುಕೊಂಡು ಉಳಿದದ್ದು ನಾನೇ ಕೊಡ್ತೀನಿ, ಸಹಿ ಹಾಕು" ಅಂದಿದ್ದಾನೆ. ಆ ಹಿರಿಯರು ಆ ಮೊತ್ತವನ್ನು ಹೆಂಡತಿಗೂ ಹೇಳಿರಲಿಲ್ಲ.

ಯೋಜನೆ ಬರುವ ಮೊದಲೇ ಹೀಗಾದರೆ ನಿಜವಾಗಿ ಬಂದ ಮೇಲೆ ಏನು ಗತಿ? ಮನವಿಯಲ್ಲಿ ಈ ಬಗ್ಗೆ ಏನು ಬರೆಯಬೇಕು? ತಿಳಿದವರು ಹೇಳಿ.

ಕಾರಂಜಾ_ಕಡೆಯವ
ತಮ್ಮಾ, ಮೊದಲು ಆ ಶೀಟ್ ಮುಚ್ಚಿಸು. ಚರ್ಚೆ ಆಮೇಲೆ.

ಝೆರಾಕ್ಸ್_ಅಂಗಡಿ
ಶಹಾಪುರದಲ್ಲಿ ಅಂಗಡಿ ನಡೆಸುತ್ತೇನೆ. ದಿನಾ ಇದೇ ಕೆಲಸ. ಶೀಟ್ ಮಾಡಿದ ಹುಡುಗನ ಖಾತೆಯಿಂದಲೇ ಲಿಂಕ್ ಶೇರಿಂಗ್ ಬಂದ್ ಮಾಡಿಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಪಾಸ್‌ಬುಕ್ ಫೋಟೊಗಳು ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ, ಶೀಟ್ ಮುಚ್ಚಿದರೂ ಅದು ತೆರೆದೇ ಇರಬಹುದು. ಅದನ್ನೂ ನೋಡಿ. ಆಮೇಲೆ ಟ್ರ್ಯಾಶ್ ಖಾಲಿ ಮಾಡಿಸಿ.

ಯಾರಾದರೂ ಡೌನ್‌ಲೋಡ್ ಮಾಡಿಕೊಂಡಿದ್ದರೆ ಅದನ್ನು ವಾಪಸ್ ತರಲು ಆಗುವುದಿಲ್ಲ. ಆದ್ದರಿಂದ ತುಂಬಿದವರಿಗೆಲ್ಲ ಖುದ್ದಾಗಿ ಹೋಗಿ ಹೇಳಿ. ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಸಾಲದು, ಓದು ಬಾರದ ಹಿರಿಯರೇ ಇದರಲ್ಲಿ ಜಾಸ್ತಿ ಅಲ್ವಾ.

ನನ್ನ ಅಂಗಡಿಯಲ್ಲಿ ಜನ ಆಧಾರ್ ಫೋಟೊ ನನ್ನ ನಂಬರಿಗೆ ಕಳಿಸುತ್ತಾರೆ, ಪ್ರಿಂಟ್ ತಗೊಂಡು ಹೊರಟುಬಿಡುತ್ತಾರೆ. ಅಳಿಸಿದಿರಾ ಅಂತ ಯಾರೂ ಕೇಳುವುದಿಲ್ಲ. ನಾನು ಸಂಜೆ ಅಂಗಡಿ ಮುಚ್ಚುವಾಗ ಎಲ್ಲ ಅಳಿಸುತ್ತೇನೆ. ನೀವೂ ಕೇಳಿ ನೋಡ್ರಿ. ಕೇಳುವುದು ನಿಮ್ಮ ಹಕ್ಕು.

ಮೀನ್_ಮಾರ್ಕೆಟ್_ಕಾಕಾ
ವ್ಯಾಪಾರಿಗಳನ್ನು ಕಳ್ಳರ ಹಾಗೆ ಬರೆದಿದ್ದೀರಿ. ಬಲೆ ಹರಿದಾಗ ದುಡ್ಡು ಕೊಡುವವರು ಯಾರು? ಮಗಳ ಮದುವೆಗೆ ರಾತ್ರಿ ಹೋದರೂ ಕೊಡುವವರು ಯಾರು? ಬ್ಯಾಂಕ್ ಮ್ಯಾನೇಜರ್ ಬರುತ್ತಾರಾ? ಕೊಟ್ಟ ಸಾಲ ಕೇಳಿದರೆ ತಪ್ಪೇನು? ಊರಲ್ಲಿ ಯಾರ ಸಾಲ ಎಷ್ಟು ಅಂತ ಎಲ್ಲರಿಗೂ ಗೊತ್ತೇ ಇರುತ್ತದೆ. ಅದರಲ್ಲಿ ಎಂಥ ಗುಟ್ಟು?

ಬಲೆಗಾರ_ತಮ್ಮ
ಕಾಕಾ, ಸಾಲ ಕೇಳುವುದು ತಪ್ಪು ಅಂತ ನಾನು ಬರೆದಿಲ್ಲ. ಕಷ್ಟಕ್ಕೆ ನೀವೇ ಆಗುತ್ತೀರಿ, ಅದೂ ನಿಜ. ಆದರೆ ಒಬ್ಬ ಮನುಷ್ಯ ಕೊನೆಗೆ ಎಷ್ಟಕ್ಕೆ ಒಪ್ಪಿಕೊಳ್ಳುತ್ತಾನೆ ಅನ್ನುವುದು ಎದುರಿನವನಿಗೆ ಮೊದಲೇ ಗೊತ್ತಾದರೆ ಆಮೇಲೆ ಚೌಕಾಸಿ ಎಲ್ಲಿ ಉಳಿಯಿತು? ನೀವು ಹರಾಜಿನಲ್ಲಿ ನಿಮ್ಮ ಕೊನೆಯ ದರ ಮೊದಲೇ ಕೂಗುತ್ತೀರಾ? ಸಾಲದ ಸುದ್ದಿ ಊರಿಗೆ ಗೊತ್ತಿರುವುದು ಬೇರೆ, ಈ ಮೊತ್ತ ಬೇರೆ.

ಮೀನ್_ಮಾರ್ಕೆಟ್_ಕಾಕಾ
ಆ ಮಾತು ಒಪ್ಪುತ್ತೇನೆ. ದರ ಮುಂಚೆ ಹೇಳಬಾರದು.

ಕಡಲಾಚೆ_ಕಲಬುರಗಿ
ನಾನು ಕಲಬುರಗಿಯವನು, ಈಗ ವ್ಯಾಂಕೂವರ್ ಕಡೆ ಇದ್ದೇನೆ. ಇಲ್ಲಿನ ಯೋಜನೆ ಬಗ್ಗೆ ಸ್ವಲ್ಪ ಬರೆಯುತ್ತೇನೆ, ನಿಮ್ಮ ಮನವಿಗೆ ಉಪಯೋಗ ಆಗಬಹುದು.

ಇಲ್ಲಿ ಸಾಲ್ಮನ್ ಮೀನು ತುಂಬಾ ಕಡಿಮೆ ಆಯಿತು. 2021ರ ಜೂನ್‌ನಲ್ಲಿ ಕೆನಡಾ ಸರ್ಕಾರ ಸಾಲ್ಮನ್ ಉಳಿಸಲು 64.7 ಕೋಟಿ ಡಾಲರ್‌ನ ಕಾರ್ಯಕ್ರಮ ಪ್ರಕಟಿಸಿತು. ಅದರ ಒಂದು ಭಾಗವಾಗಿ 2022ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಕೊಳ್ಳುವ ಯೋಜನೆ ಶುರುವಾಯಿತು. ಯಾರಿಗೂ ಬಲವಂತ ಇಲ್ಲ. ಇದಕ್ಕೂ ಮೊದಲು 1996ರಲ್ಲಿ 8 ಕೋಟಿ ಡಾಲರ್ ಇಟ್ಟು ಇಂಥದ್ದೇ ಮಾಡಿದ್ದರು. ಟೆಕ್ಸಾಸ್‌ನಲ್ಲಿ ಸಿಗಡಿ ದೋಣಿಗಳ ಲೈಸೆನ್ಸ್ ಕೊಳ್ಳುವುದು 1995ರಿಂದ ನಡೆದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2003ರಲ್ಲಿ 4.6 ಕೋಟಿ ಡಾಲರ್ ಕೊಟ್ಟು 91 ದೋಣಿಗಳನ್ನು ಹೊರಗೆ ತಂದರು. ಅದರಲ್ಲಿ 3.6 ಕೋಟಿ ಸಾಲ. ಅದನ್ನು ತೀರಿಸುವವರು ಮೀನುಗಾರಿಕೆಯಲ್ಲಿ ಉಳಿದುಕೊಂಡವರು!

ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಉಲ್ಟಾ ಹರಾಜು ನಡೆಯುತ್ತದೆ. ಮೀನುಗಾರ ತನಗೆ ಎಷ್ಟು ಬೇಕು ಅಂತ ಮುಚ್ಚಿದ ಲಕೋಟೆಯಲ್ಲಿ ಬರೆಯುತ್ತಾನೆ. ಸರ್ಕಾರ ಕಡಿಮೆ ಕೇಳಿದವರ ಕಡೆಯಿಂದ ಕೊಳ್ಳುತ್ತಾ ಹೋಗುತ್ತದೆ. ಹೀಗಿರುವಾಗ ಲಕೋಟೆ ತೆರೆದು ಹೋದರೆ ಎಲ್ಲ ಕೆಟ್ಟಂತೆ. ಪಕ್ಕದವನ ದರ ನೋಡಿ ನಾನು ನನ್ನ ದರ ಬದಲಿಸಿಕೊಳ್ಳುತ್ತೇನೆ. ಮೊದಲ ಸುತ್ತಿನಲ್ಲಿ ಸೋತವನ ದರ ಎರಡನೇ ಸುತ್ತಿನಲ್ಲಿ ಅವನಿಗೇ ಮುಳುವಾಗುತ್ತದೆ. ನಿಮ್ಮ ಹುಡುಗರ ಆ ಕೊನೆಯ ಪ್ರಶ್ನೆ ಅದೇ ಲಕೋಟೆಯೊಳಗಿನ ಚೀಟಿ.

ಅರ್ಜಿ ಹಾಕಿದ್ದಾನೆ ಅನ್ನುವ ಸುದ್ದಿಯೇ ಸಾಕು, ಮೊತ್ತವೂ ಬೇಡ. ದೋಣಿ ಮೇಲೆ ಸಾಲ ಕೊಟ್ಟವನು ಬಂದು ಕೂರುತ್ತಾನೆ. ಕೆಲಸಕ್ಕಿದ್ದ ಹುಡುಗರು ಬೇರೆ ದೋಣಿ ಹುಡುಕುತ್ತಾರೆ. ಆದ್ದರಿಂದ ಅರ್ಜಿದಾರರಿಗೆಲ್ಲ ಒಟ್ಟಿಗೆ ಒಂದೇ ಇಮೇಲ್ ಕಳಿಸಿ ಎಲ್ಲರ ವಿಳಾಸ ಎಲ್ಲರಿಗೂ ಕಾಣುವಂತೆ ಮಾಡಿದರೂ ಅದು ಸಣ್ಣ ವಿಷಯ ಅಲ್ಲ.

ಕಾನೂನು_ಓದುಗ
ಒಂದು ತಿದ್ದುಪಡಿ. ಕೆನಡಾದ ಲೈಸೆನ್ಸ್ ಮತ್ತು ನಮ್ಮ ಲೈಸೆನ್ಸ್ ಒಂದೇ ಅಲ್ಲ. ಅಲ್ಲಿ ಸಂಖ್ಯೆಗೆ ಮಿತಿ ಇದೆ, ಆದ್ದರಿಂದ ಅದಕ್ಕೆ ಬೆಲೆ ಬಂದಿದೆ. ದಿವಾಳಿಯಾದ ಮೀನುಗಾರನ ಲೈಸೆನ್ಸ್ ಆಸ್ತಿ ಲೆಕ್ಕಕ್ಕೆ ಬರುತ್ತದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ನಮ್ಮಲ್ಲಿ ಕೆರೆ ಸಂಘಕ್ಕೆ ಗುತ್ತಿಗೆ ಹೋಗುತ್ತದೆ. ಜಲಾಶಯದ ಲೈಸೆನ್ಸ್ ಅವಧಿ ಮುಗಿದ ಮೇಲೆ ನವೀಕರಿಸಬೇಕು. ಸಹಿ ಹಾಕು, ನಾನು ಕೊಳ್ಳುತ್ತೇನೆ ಅಂದ ಆ ವ್ಯಾಪಾರಿಗೆ ಯಾವ ಕಾಗದದ ಬಲವೂ ಇಲ್ಲ. ಹಿರಿಯರಿಗೆ ಇದನ್ನು ಮೊದಲು ಹೇಳಿ. ಖಾಲಿ ಕಾಗದಕ್ಕೆ, ಛಾಪಾ ಕಾಗದಕ್ಕೆ ಸಹಿ ಹಾಕದಿರಲಿ.

ಅಫಜಲಪುರ_ಹುಡುಗ
ಕಾಗದದ ಬಲ ಇಲ್ಲದಿದ್ದರೂ ಬಲೆ, ತೆಪ್ಪ ಎತ್ತಿಕೊಂಡು ಹೋಗುವ ಬಲ ಇರುತ್ತದೆ ಸರ್. ನಮ್ಮ ಭೀಮಾ ದಂಡೆಯಲ್ಲಿ ಇದು ಹೊಸದಲ್ಲ.

ಆರ್‌ಟಿಐ_ಅಕ್ಕ
ಎಲ್ಲರೂ ಮುಚ್ಚಿಡಿ ಮುಚ್ಚಿಡಿ ಅನ್ನುತ್ತಿದ್ದೀರಿ. ನನಗೆ ಭಯ ಆಗುತ್ತಿದೆ.

ಕಲಬುರಗಿ ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆ ಸಭೆಗಳಲ್ಲಿ ಕೂತವಳು ನಾನು. ಗ್ರಾಮಸಭೆಯಲ್ಲಿ ಹೆಸರು ಓದಿದ ಮೇಲೇ ಗೊತ್ತಾಗುತ್ತದೆ, ತೀರಿಹೋದವರ ಹೆಸರಿನಲ್ಲಿ ಕೂಲಿ ಬಿದ್ದಿದೆ, ದುಬೈಯಲ್ಲಿ ಇರುವವನು ಇಲ್ಲಿ ಹೂಳು ಎತ್ತಿದ್ದಾನೆ ಅಂತ. ಪಟ್ಟಿ ಗುಟ್ಟಾಗಿದ್ದರೆ ಇದು ಹೊರಗೆ ಬರುತ್ತಿತ್ತಾ? ನಾಳೆ ಲೈಸೆನ್ಸ್ ವಾಪಸ್ ಯೋಜನೆ ಬಂದರೆ ಏನಾಗುತ್ತದೆ ನನ್ನನ್ನು ಕೇಳಿ. ಜೀವನದಲ್ಲಿ ಬಲೆ ಮುಟ್ಟದವರ ಹೆಸರಿಗೆ ಲೈಸೆನ್ಸ್ ಹುಟ್ಟುತ್ತದೆ, ಮರುವಾರ ಅದನ್ನೇ ಸರ್ಕಾರಕ್ಕೆ ಮಾರುತ್ತಾರೆ. ಹಿಡಿಯುವುದು ಹೇಗೆ?

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಓದಿ. ಸಬ್ಸಿಡಿ ಯಾರಿಗೆ ಎಷ್ಟು ಹೋಯಿತು, ಪರವಾನಗಿ ಯಾರಿಗೆ ಕೊಟ್ಟಿರಿ ಅನ್ನುವುದನ್ನು ಕೇಳದೆಯೇ ಪ್ರಕಟಿಸಬೇಕು ಅಂತ ಇದೆ. ಬಡವರ ಖಾಸಗಿತನ ಅಂತ ಹೇಳಿ ದೊಡ್ಡವರ ಕಳ್ಳತನ ಮುಚ್ಚಬೇಡಿ.

ಕಾರಂಜಾ_ಕಡೆಯವ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಅಣೆಕಟ್ಟಿಗೆ ಭೂಮಿ ಕಳೆದುಕೊಂಡವರು ಪರಿಹಾರಕ್ಕಾಗಿ ಎಷ್ಟೋ ವರ್ಷಗಳಿಂದ ಹೋರಾಡುತ್ತಿದ್ದಾರೆ. ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದು ಬಹಿರಂಗ ಇದ್ದರೇನೇ ಉಳಿದವರಿಗೆ ಕೇಳುವ ಬಾಯಿ ಬರುತ್ತದೆ.

ಬಲೆಗಾರ_ತಮ್ಮ
ಅಕ್ಕಾ, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ. ಹೆಸರು, ಊರು, ಕೊಟ್ಟ ಮೊತ್ತ ಗೋಡೆಗೆ ಅಂಟಿಸಲಿ. ಅದು ಸಾರ್ವಜನಿಕ ದುಡ್ಡು. ಆದರೆ ಅದರ ಪಕ್ಕದಲ್ಲೇ ಆಧಾರ್ ನಂಬರ್, ಖಾತೆ ನಂಬರ್, ಫೋನ್ ನಂಬರ್ ಅಂಟಿಸುತ್ತಾರಲ್ಲ, ಅದು ಯಾರಿಗೆ ಬೇಕು? ಅದರಿಂದ ಯಾವ ಕಳ್ಳ ಸಿಕ್ಕಿಬೀಳುತ್ತಾನೆ?

ಆರ್‌ಟಿಐ_ಅಕ್ಕ
ಅದು ಬೇಡ. ಅದನ್ನು ನಾನೂ ಕೇಳುತ್ತಿಲ್ಲ. ಆದರೆ ಸಮಯದ ಪ್ರಶ್ನೆ ಇದೆ ನೋಡು. ದುಡ್ಡು ಕೊಟ್ಟು ಮುಗಿದ ಮೇಲೆ ಪಟ್ಟಿ ಹಾಕಿದರೆ ಆಕ್ಷೇಪಣೆ ಮಾಡಿ ಏನು ಪ್ರಯೋಜನ? ಕೊಡುವ ಮೊದಲೇ ಹೆಸರು ಬರಬೇಕು.

ಕಡಲಾಚೆ_ಕಲಬುರಗಿ
ಕೊಡುವ ಮೊದಲು ಹೆಸರು ಹಾಕಿದರೆ ಸಾಲದವರು ಮನೆ ಮುಂದೆ ಬಂದು ನಿಲ್ಲುತ್ತಾರೆ ಅಕ್ಕಾ. ಹೀಗೆ ಮಾಡಬಹುದು. ಅರ್ಹ ಲೈಸೆನ್ಸ್ ಇರುವವರೆಲ್ಲರ ಪಟ್ಟಿ ಮೊದಲೇ ಹಾಕಲಿ. ಬೋಗಸ್ ಹೆಸರು ಅಲ್ಲೇ ಸಿಗುತ್ತದೆ. ಅದರಲ್ಲಿ ಯಾರು ಮಾರಲು ಅರ್ಜಿ ಹಾಕಿದ್ದಾರೆ ಅನ್ನುವುದನ್ನು ಹೇಳುವುದು ಬೇಡ. ಕೊಂಡ ಮೇಲೆ ಹೆಸರು, ಮೊತ್ತ ಹೇಳಲಿ.

ಆರ್‌ಟಿಐ_ಅಕ್ಕ
ಇದು ಆಗಬಹುದು. ಆದರೆ ಅರ್ಹರ ಪಟ್ಟಿ ಹಾಕಿ ಆಕ್ಷೇಪಣೆಗೆ ಕನಿಷ್ಠ ಒಂದು ತಿಂಗಳು ಕೊಡಬೇಕು. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಬರೀ ವೆಬ್‌ಸೈಟ್‌ನಲ್ಲಿ ಹಾಕಿ ಕೈತೊಳೆದುಕೊಳ್ಳಬಾರದು.

ಸುರಪುರ_ಟೀಚರ್
ನಾನು ಗಣಿತ ಹೇಳಿಕೊಡುತ್ತೇನೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ.

ಹೆಸರು ತೆಗೆದು ಬರೀ ಒಟ್ಟು ಲೆಕ್ಕ ಕೊಟ್ಟರೆ ಸಾಕು, ಯಾರು ಅಂತ ಗೊತ್ತಾಗುವುದಿಲ್ಲ ಅಂತ ಇಲಾಖೆಯವರು ಹೇಳುವುದುಂಟು. ಬೆಂಗಳೂರಿಗೆ ಅದು ಸರಿ ಇರಬಹುದು. ನಮ್ಮ ಹಳ್ಳಿಗಳಿಗೆ ಸರಿ ಹೊಂದುವುದಿಲ್ಲ. ಒಂದು ಊರಿನಲ್ಲಿ ಇಬ್ಬರೇ ಲೈಸೆನ್ಸ್ ಇರುವವರು ಅಂದುಕೊಳ್ಳಿ. ಆ ಊರಿನ ಒಟ್ಟು ಮೀನು ಇಷ್ಟು ಕ್ವಿಂಟಲ್ ಅಂತ ಪ್ರಕಟ ಆಯಿತು. ಒಬ್ಬನಿಗೆ ತನ್ನದು ಎಷ್ಟು ಅಂತ ಗೊತ್ತೇ ಇದೆ. ಕಳೆದರೆ ಇನ್ನೊಬ್ಬನದು ಬಂತು. ಮೂರನೇ ತರಗತಿಯ ಲೆಕ್ಕ.

ಅಮೆರಿಕದಲ್ಲಿ ಮೀನು ಹಿಡಿದ ಲೆಕ್ಕ ಗುಟ್ಟಾಗಿಡಬೇಕು ಅಂತ 1976ರ ಮೀನುಗಾರಿಕೆ ಕಾಯ್ದೆಯೇ ಹೇಳುತ್ತದೆ. ಅಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ಜನರ ಲೆಕ್ಕ ಕೂಡಿಸದೆ ಅಂಕಿ ಹೊರಗೆ ಬಿಡುವುದಿಲ್ಲ. ಮೂರಾದರೆ ಕಳೆಯುವ ಲೆಕ್ಕ ನಡೆಯುವುದಿಲ್ಲ ಅಲ್ವಾ, ಇಬ್ಬರು ಉಳಿದುಬಿಡುತ್ತಾರೆ. ನಿಮ್ಮ ಮನವಿಯಲ್ಲಿ ಇದನ್ನು ಖಂಡಿತ ಸೇರಿಸಿ. ನಮ್ಮಲ್ಲಿ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಲೈಸೆನ್ಸ್ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಮೂರು ಸಾಲದು, ಊರಿನ ಬದಲು ತಾಲ್ಲೂಕಿನ ಲೆಕ್ಕ ಮಾತ್ರ ಕೊಡಲಿ ಅನ್ನುವುದು ನನ್ನ ಅಭಿಪ್ರಾಯ.

ಬೆಣ್ಣೆತೊರಾ
ಎಷ್ಟು ಹಿಡಿದೆ ಅನ್ನುವುದಕ್ಕಿಂತ ಎಲ್ಲಿ ಹಿಡಿದೆ ಅನ್ನುವುದು ದೊಡ್ಡ ಗುಟ್ಟು. ದೊಡ್ಡ ಕಟ್ಲಾ ಎಲ್ಲಿ ನಿಲ್ಲುತ್ತದೆ ಅಂತ ನಮ್ಮಪ್ಪ ತನ್ನ ತಮ್ಮನಿಗೂ ಹೇಳಲಿಲ್ಲ. ಮೊಬೈಲ್ ಆಪ್‌ನಲ್ಲಿ ಜಾಗದ ಸಮೇತ ಫೋಟೊ ಹಾಕು ಅಂದರೆ ಮುಗಿಯಿತು.

ಅಫಜಲಪುರ_ಹುಡುಗ
ಈಗ ದೊಡ್ಡ ಕಟ್ಲಾ ಎಲ್ಲಿದೆ ಅಣ್ಣಾ? ಬಲೆ ಎತ್ತಿದರೆ ಬರೀ ಜಿಲೇಬಿ ಮೀನು (ತಿಲಾಪಿಯಾ).

ಬೆಣ್ಣೆತೊರಾ
ಅದೂ ನಿಜ. ಜಿಲೇಬಿ ಹೊಕ್ಕ ನೀರಿನಲ್ಲಿ ಬೇರೆ ಮೀನಿನ ಮರಿಗೆ ಉಳಿಗಾಲ ಇಲ್ಲ.

ಮೀನ್_ಮಾರ್ಕೆಟ್_ಕಾಕಾ
ಜಿಲೇಬಿಗೂ ಈಗ ದರ ಬಂದಿದೆ. ಮೃಗಶಿರ ಬಂದರೆ ಹೈದರಾಬಾದ್ ಕಡೆ ಎಂಥ ಮೀನಿದ್ದರೂ ಓಡುತ್ತದೆ. ಬೀದರ್ ದಾಟುವ ಹೊತ್ತಿಗೆ ಬೇರೆ ದರ, ಅಲ್ಲಿಗೆ ತಲುಪಿದ ಮೇಲೆ ಬೇರೆ ದರ.

ಕಾರಂಜಾ_ಕಡೆಯವ
ಕಾಕಾ, ಮೀನಿನ ದರಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಒಬ್ಬರ ಬದುಕಿನ ಪ್ರಶ್ನೆ ಇದೆ.

ಕಾನೂನು_ಓದುಗ
ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬರೆಯುತ್ತೇನೆ. ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೇ ಅಂತ ಹೆಮ್ಮೆಯಿಂದ ಹೇಳಬಹುದು.

ಆಧಾರ್ ಕಾಯ್ದೆ 2016ರ 29ನೇ ಕಲಂ ಪ್ರಕಾರ ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ. ಆದರೂ 2017ರಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳ ಸುಮಾರು 210 ವೆಬ್‌ಸೈಟ್‌ಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸದ ಜೊತೆ ಆಧಾರ್ ನಂಬರ್ ಕಾಣುತ್ತಿತ್ತು ಅಂತ ಸರ್ಕಾರವೇ ಒಪ್ಪಿಕೊಂಡಿತು. ಪಿಂಚಣಿ, ಸ್ಕಾಲರ್‌ಶಿಪ್ ಪಟ್ಟಿಗಳು ಹೀಗೆಯೇ ಹೊರಗೆ ಬರುತ್ತವೆ. ಕೆಟ್ಟ ಮನಸ್ಸಿನಿಂದ ಅಲ್ಲ, ಇದ್ದ ಶೀಟನ್ನು ಹಾಗೇ ಅಪ್‌ಲೋಡ್ ಮಾಡುವುದರಿಂದ.

2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಹೊಸ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಮಾಹಿತಿ ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ. ಕೇಳಲು ಚೆನ್ನಾಗಿದೆ. ಆದರೆ 7ನೇ ಕಲಂ ಓದಿ. ಸಬ್ಸಿಡಿ, ಸೌಲಭ್ಯ, ಪ್ರಮಾಣಪತ್ರ, ಲೈಸೆನ್ಸ್ ಕೊಡುವುದಕ್ಕಾಗಿ, ನೀವು ಹಿಂದೆ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟು ನೀಡಿದ ಮಾಹಿತಿಯನ್ನು ಸರ್ಕಾರ ಇನ್ನೊಂದಕ್ಕೂ ಬಳಸಬಹುದು. ಮತ್ತೆ ನಿಮ್ಮನ್ನು ಕೇಳಬೇಕಾಗಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇದೇ.

ಆರ್‌ಟಿಐ ಅಕ್ಕನ ಭಯಕ್ಕೂ ಕಾರಣ ಇದೆ. ಇದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಂ ಬದಲಿಸಿದೆ. ವೈಯಕ್ತಿಕ ಮಾಹಿತಿ ಅಂದರೆ ಕೊಡುವುದಿಲ್ಲ ಅನ್ನಲು ಅಧಿಕಾರಿಗೆ ಈಗ ಸುಲಭ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನುವ 8(2) ಇನ್ನೂ ಉಳಿದಿದೆ. ಅದನ್ನು ಬರೆದೇ ಅರ್ಜಿ ಹಾಕಬೇಕು.

ಆರ್‌ಟಿಐ_ಅಕ್ಕ
ಅದನ್ನೇ ನಾನು ಹೇಳುತ್ತಿರುವುದು! ಬಡವನ ಆಧಾರ್ ಊರೆಲ್ಲ ತಿರುಗುತ್ತದೆ. ಗುತ್ತಿಗೆದಾರನ ಬಿಲ್ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ವಾಪಸ್ ಬರುತ್ತದೆ.

ಸೇಡಂ_ರೋಡ್
7ನೇ ಕಲಂ ಬಗ್ಗೆ ನನ್ನದೊಂದು ಪ್ರಶ್ನೆ. ಲೈಸೆನ್ಸ್ ವಾಪಸ್ ಕೊಟ್ಟವರು "ಮೀನುಗಾರಿಕೆ ಬಿಟ್ಟವರು" ಅಂತ ದಾಖಲೆಗೆ ಹೋಗುತ್ತಾರೆ ಅಲ್ವಾ. ಆ ದಾಖಲೆ ಬೇರೆ ಯೋಜನೆಗೂ ಹೋದರೆ? ಮೀನುಗಾರರ ವಿಮೆ ಇದೆ, ಅಪಘಾತದಲ್ಲಿ ಸತ್ತರೆ 5 ಲಕ್ಷ. ಮೀನುಗಾರರಿಗೆ ಮನೆ ಕೊಡುವ ಮತ್ಸ್ಯಾಶ್ರಯ ಯೋಜನೆ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಮೀನುಗಾರರಿಗೂ ಇದೆ. 2024ರ ಸೆಪ್ಟೆಂಬರ್‌ನಿಂದ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆ ಅಂತ ಬಂದಿದೆ. ಮೀನುಗಾರರು, ಮಾರುವವರು, ಸಂಘಗಳು ಎಲ್ಲರೂ ಅದರಲ್ಲಿ ನೋಂದಣಿ ಆಗುತ್ತಿದ್ದಾರೆ. ಒಂದು ಕಡೆ "ಬಿಟ್ಟವರು" ಅಂತ ಗುರುತು ಬಿದ್ದರೆ ಎಲ್ಲ ಕಡೆ ಹೆಸರು ಹಾರಿಹೋಗಬಹುದಾ? ಹೆಂಡತಿ ಇನ್ನೂ ಮೀನು ಮಾರುತ್ತಿರುತ್ತಾಳೆ, ಮಗ ಸಂಘದ ಸದಸ್ಯ ಆಗಬೇಕು ಅಂತಿರುತ್ತಾನೆ.

ಬಲೆಗಾರ_ತಮ್ಮ
ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣಾ. ಮನವಿಗೆ ಇದೇ ಮೊದಲ ಮಾತಾಗಬೇಕು ಅನ್ನಿಸುತ್ತಿದೆ.

ಅಂಬಿಗರ_ಓಣಿ
ಜಾತಿ ಕಾಲಂ ಯಾಕೆ ಹಾಕಿದರು ಅಂತ ಯಾರೂ ಕೇಳಲಿಲ್ಲ. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಇದು ಸುಮ್ನೆ ತುಂಬುವ ಕಾಲಂ ಅಲ್ಲ. ಕಬ್ಬಲಿಗ, ಕೋಲಿ, ಅಂಬಿಗ, ಗಂಗಾಮತ, ಟೋಕರಿ ಕೋಳಿ, ಒಂದೇ ಓಣಿಯಲ್ಲಿ ಒಬ್ಬೊಬ್ಬರ ಕಾಗದದಲ್ಲಿ ಒಂದೊಂದು ಇರುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಅನ್ನುವ ಹೋರಾಟ ಇಷ್ಟು ವರ್ಷ ನಡೆದಿದೆ. ಸರ್ಟಿಫಿಕೇಟ್ ತನಿಖೆ ಅಂತ ಎಷ್ಟು ಮನೆಗಳು ಅಲೆದಾಡಿವೆ. ಅಪ್ಪ ಮೀನಿನ ಫಾರ್ಮಿನಲ್ಲಿ ಒಂದು ಬರೆದ, ಮಗನ ಕಾಲೇಜು ದಾಖಲೆಯಲ್ಲಿ ಇನ್ನೊಂದು ಇದೆ ಅಂದರೆ ನಾಳೆ ಆ ಮಗನ ನೌಕರಿಗೆ ತೊಡಕು. ಲೈಸೆನ್ಸ್ ವಾಪಸ್ ಕೊಡುವುದಕ್ಕೆ ಜಾತಿ ಯಾಕೆ ಬೇಕು? ಲೈಸೆನ್ಸ್ ಇದೆಯಾ ಇಲ್ಲವಾ, ಅಷ್ಟೇ ಸಾಕಲ್ಲ.

ಕಾನೂನು_ಓದುಗ
ಬಹಳ ಒಳ್ಳೆಯ ಪಾಯಿಂಟ್. ಬೇಡದ್ದನ್ನು ಕೇಳದಿರುವುದೇ ಮೊದಲ ರಕ್ಷಣೆ. ಕೇಳದೇ ಇದ್ದದ್ದು ಸೋರುವುದಿಲ್ಲ.

ಬುಟ್ಟಿ_ಹೊತ್ತವಳು
ನಾನು ಮೀನು ಮಾರುವವಳು. ನನ್ನ ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ತಮ್ಮಾ, ನೀನು ಬರೆದೆಯಲ್ಲ, ಆ ಹಿರಿಯರು 60 ಸಾವಿರದ ಮಾತು ಹೆಂಡತಿಗೂ ಹೇಳಿರಲಿಲ್ಲ ಅಂತ. ಅದನ್ನು ಓದಿ ಎಲ್ಲರೂ ಅಯ್ಯೋ ಪಾಪ ಅಂದಿರಿ. ಯಾಕೆ ಹೇಳಿರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಗಂಡ ಹಿಡಿಯುತ್ತಾನೆ, ನಾವು ಮಾರುತ್ತೇವೆ. ಬಿಸಿಲಿನಲ್ಲಿ ಬುಟ್ಟಿ ಹೊತ್ತು ಊರೂರು ತಿರುಗುವವರು ನಾವು. ಲೈಸೆನ್ಸ್ ಅವನ ಹೆಸರಿಗೆ. ದುಡ್ಡು ಅವನ ಖಾತೆಗೆ. ಒಂದು ದಿನ ಲೈಸೆನ್ಸ್ ಹೋಗಿಬಿಟ್ಟಿದೆ ಅಂತ ಹೊರಗಿನವರಿಂದ ತಿಳಿಯಬೇಕಾ? ವ್ಯಾಪಾರಿಗೆ ಗೊತ್ತಾಗಬಾರದು, ಒಪ್ಪಿದೆ. ಮನೆಯವಳಿಗೆ ಗೊತ್ತಾಗಲೇಬೇಕು.

ಅಫಜಲಪುರ_ಹುಡುಗ
ಅಕ್ಕಾ, ಹೆಂಡತಿ ಸಹಿ ಕಡ್ಡಾಯ ಮಾಡಿದರೆ ಒಂಟಿಯಾಗಿರುವ ಗಂಡಸರು, ಜಗಳ ಆಗಿ ಹೆಂಡತಿ ತವರಿಗೆ ಹೋಗಿರುವವರು ಏನು ಮಾಡಬೇಕು?

ಬುಟ್ಟಿ_ಹೊತ್ತವಳು
ಒಂಟಿ ಇದ್ದವರು ಒಂಟಿ ಅಂತ ಬರೆಯಲಿ. ಕೆಲವರಿಗೆ ತೊಡಕಾಗುತ್ತದೆ ಅಂತ ಉಳಿದ ಹೆಂಗಸರನ್ನೆಲ್ಲ ಕತ್ತಲಲ್ಲಿ ಇಡುವುದು ಯಾವ ನ್ಯಾಯ? ಅರ್ಧ ದುಡ್ಡು ನಮ್ಮ ಖಾತೆಗೆ ಬರಲಿ ಅಂತ ಮನವಿಯಲ್ಲಿ ಬರೆ.

ಸುರಪುರ_ಟೀಚರ್
ಅಕ್ಕ ಕೇಳಿದ್ದು ನ್ಯಾಯ. ಇದನ್ನು ಬಿಡಬೇಡಿ.

ಕಾರಂಜಾ_ಕಡೆಯವ
ಅರ್ಧ ಖಾತೆ ವಿಷಯ ಸಂಘದಲ್ಲಿ ದೊಡ್ಡ ಜಗಳ ಆಗುತ್ತದೆ ನೋಡ್ರಿ. ಆದರೂ ಆಗಲಿ.

ಝೆರಾಕ್ಸ್_ಅಂಗಡಿ
ತಮ್ಮಾ, ಶೀಟ್ ಏನಾಯಿತು?

ಬಲೆಗಾರ_ತಮ್ಮ
ಮುಚ್ಚಿಸಿದ್ದೇವೆ. ನೀವು ಹೇಳಿದ ಹಾಗೆ ಫೋಟೊ ಫೋಲ್ಡರ್ ಬೇರೆಯೇ ತೆರೆದಿತ್ತು, ಅದನ್ನೂ ಅಳಿಸಿದೆವು. ಇಂದಿನಿಂದ ಮನೆಮನೆಗೆ ಹೋಗಿ ಹೇಳುತ್ತಿದ್ದೇವೆ. ಆದರೆ ಹೊಸ ಸಮಸ್ಯೆ. ಇಬ್ಬರಿಗೆ ಫೋನ್ ಬಂದಿದೆ. "ಮೀನುಗಾರಿಕೆ ಇಲಾಖೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಲೈಸೆನ್ಸ್ ಹಣ ಮಂಜೂರಾಗಿದೆ, ಒಟಿಪಿ ಹೇಳಿ" ಅಂತ. ಹೆಸರು, ಖಾತೆಯ ಕೊನೆಯ ಅಂಕಿ ಎಲ್ಲ ಸರಿಯಾಗಿ ಹೇಳಿದ್ದಾರಂತೆ. ಪುಣ್ಯಕ್ಕೆ ಇಬ್ಬರೂ ಮಗನ ಕೈಗೆ ಫೋನ್ ಕೊಟ್ಟಿದ್ದಾರೆ.

ಅಫಜಲಪುರ_ಹುಡುಗ
1930ಕ್ಕೆ ಕಾಲ್ ಮಾಡಿ. ಸೈಬರ್ ವಂಚನೆಗೆ ಅದೇ ನಂಬರ್. ದುಡ್ಡು ಹೋಗಿದ್ದರೆ ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ಹೋಗಿರದಿದ್ದರೂ ಆ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಠಾಣೆಯಲ್ಲಿ ಬೇಕಾಗುತ್ತದೆ.

ಝೆರಾಕ್ಸ್_ಅಂಗಡಿ
ಇನ್ನೊಂದು. ಒಟಿಪಿ ಇಲ್ಲದೆಯೂ ದುಡ್ಡು ಹೋಗಬಹುದು. ಹೆಬ್ಬೆಟ್ಟು ಇಟ್ಟು ದುಡ್ಡು ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇದ್ದರೆ ಸಾಕು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಹೀಗೆ ದುಡ್ಡು ತೆಗೆದ ಕೇಸುಗಳು ಬಂದವು. ನಿಮ್ಮ ಫಾರ್ಮಿನಲ್ಲಿ ಯಾರಾದರೂ ಹೆಬ್ಬೆಟ್ಟು ಒತ್ತಿದ ಕಾಗದದ ಫೋಟೊ ಹಾಕಿದ್ದಾರಾ ನೋಡಿ. ಹಾಕಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿಸಿ. ಆಧಾರ್ ವೆಬ್‌ಸೈಟ್‌ನಲ್ಲೂ ಆಪ್‌ನಲ್ಲೂ ಆಗುತ್ತದೆ, ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಅನುಮಾನ ಇದ್ದರೆ 1947ಕ್ಕೆ ಕೇಳಿ. ಮುಂದೆ ಎಲ್ಲೇ ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ.

ಮೀನ್_ಮಾರ್ಕೆಟ್_ಕಾಕಾ
ತಮ್ಮಾ, ಆ ವ್ಯಾಪಾರಿ ಯಾರು ಅಂತ ಇಲ್ಲಿ ಬರೆಯಬೇಡ. ನಿಮ್ಮ ಊರಿನ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ. ಬಾಕಿ ಎಷ್ಟು ಅಂತ ಕಾಗದದ ಮೇಲೆ ಲೆಕ್ಕ ಕೇಳಿ. ಲೆಕ್ಕ ತೋರಿಸಿ ಅಂದ ಕೂಡಲೇ ಅರ್ಧ ಜನ ಮೆತ್ತಗಾಗುತ್ತಾರೆ. ನಾನು ವ್ಯಾಪಾರಿಯಾಗಿ ಹೇಳುತ್ತಿದ್ದೇನೆ.

ಬಲೆಗಾರ_ತಮ್ಮ
ಆಗಲಿ ಕಾಕಾ. ಹಾಗೇ ಮಾಡುತ್ತೇವೆ.

ಮನವಿಯ ಕರಡು ಹೀಗಿದೆ, ನೋಡಿ ಹೇಳಿ: "ಲೈಸೆನ್ಸ್ ವಾಪಸ್ ಕೊಟ್ಟ ಕಾರಣಕ್ಕೆ ವಿಮೆ, ಮನೆ, ಸಂಘದ ಸದಸ್ಯತ್ವ, ಮಕ್ಕಳ ಸೌಲಭ್ಯ ಯಾವುದೂ ತಪ್ಪಬಾರದು. ಈ ಯೋಜನೆಗೆ ಕೊಟ್ಟ ಮಾಹಿತಿಯನ್ನು ಬೇರೆ ಯಾವುದಕ್ಕೂ ಬಳಸಬಾರದು. ಜಾತಿ, ಸಾಲ, ಮೀನು ಹಿಡಿಯುವ ಜಾಗ ಕೇಳಬಾರದು. ಕೇಳುವ ಮೊತ್ತವನ್ನು ಮುಚ್ಚಿದ ಲಕೋಟೆಯಲ್ಲಿ ಪಡೆದು ಕೊನೆಯ ದಿನ ಸಮಿತಿಯ ಎದುರು ತೆರೆಯಬೇಕು. ಆಯ್ಕೆ ಆಗದವರ ಮೊತ್ತ ಎಂದಿಗೂ ಹೊರಗೆ ಬರಬಾರದು, ಅವರ ಅರ್ಜಿ ವಾಪಸ್ ಕೊಡಬೇಕು. ಅರ್ಹರ ಪಟ್ಟಿಯನ್ನು ಮೊದಲೇ ಪಂಚಾಯಿತಿಯಲ್ಲಿ ಹಾಕಿ ಒಂದು ತಿಂಗಳು ಆಕ್ಷೇಪಣೆಗೆ ಬಿಡಬೇಕು. ಹಣ ಕೊಟ್ಟ ಮೇಲೆ ಹೆಸರು, ಊರು, ಮೊತ್ತ ಮಾತ್ರ ಪ್ರಕಟಿಸಬೇಕು. ಮೀನಿನ ಲೆಕ್ಕ ತಾಲ್ಲೂಕು ಮಟ್ಟದಲ್ಲಿ ಮಾತ್ರ ಕೊಡಬೇಕು. ಪತ್ನಿಗೆ ತಿಳಿಸಿದ ಮೇಲೆಯೇ ಅರ್ಜಿ ಪಡೆಯಬೇಕು, ಹಣ ಇಬ್ಬರ ಖಾತೆಗೂ ಸಮನಾಗಿ ಹೋಗಬೇಕು."

ಕಾನೂನು_ಓದುಗ
ಚೆನ್ನಾಗಿದೆ. ಎರಡು ಸೇರಿಸಿ. ಮಾಹಿತಿ ಸೋರಿದರೆ ಯಾರು ಜವಾಬ್ದಾರಿ, ಯಾವ ಹುದ್ದೆಯ ಅಧಿಕಾರಿ ಅಂತ ಆದೇಶದಲ್ಲೇ ಇರಬೇಕು. ಸೋರಿದ ಕೂಡಲೇ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ತಿಳಿಸಬೇಕು, ಓದು ಬಾರದವರಿಗೆ ಬಾಯಿಮಾತಿನಲ್ಲಿ.

ಆರ್‌ಟಿಐ_ಅಕ್ಕ
ಸಮಿತಿಯ ಎದುರು ಅಂದೆ. ಆ ಸಮಿತಿಯಲ್ಲಿ ಯಾರಿರುತ್ತಾರೆ ಅಂತ ಬರೆ. ಇಲ್ಲದಿದ್ದರೆ ಅವರವರೇ ಕೂತು ತೆರೆಯುತ್ತಾರೆ. ಮೀನುಗಾರರ ಪ್ರತಿನಿಧಿ ಇರಲಿ, ಒಬ್ಬ ಮಹಿಳೆಯಾದರೂ ಇರಲಿ. ಮತ್ತೆ "ಆಯ್ಕೆ ಆಗದವರ ಮೊತ್ತ ಎಂದಿಗೂ ಬರಬಾರದು" ಅನ್ನುವುದು ನನಗೆ ಇನ್ನೂ ಸಮಾಧಾನ ಇಲ್ಲ. ಕಡಿಮೆ ಕೇಳಿದವನನ್ನು ಬಿಟ್ಟು ಜಾಸ್ತಿ ಕೇಳಿದವನಿಗೆ ಕೊಟ್ಟರೆ ಹೇಗೆ ಹಿಡಿಯುತ್ತೀರಿ?

ಕಡಲಾಚೆ_ಕಲಬುರಗಿ
ಹೆಸರು ಇಲ್ಲದೆ ಬರೀ ಮೊತ್ತಗಳ ಪಟ್ಟಿ, ಯೋಜನೆ ಪೂರ್ತಿ ಮುಗಿದ ಮೇಲೆ, ಇಡೀ ಜಿಲ್ಲೆಯದ್ದು ಸೇರಿಸಿ ಹಾಕಿದರೆ?

ಆರ್‌ಟಿಐ_ಅಕ್ಕ
ಜೊತೆಗೆ ಸೋತ ಅರ್ಜಿದಾರ ತನ್ನ ಕಡತ ತಾನು ನೋಡುವ ಹಕ್ಕು ಇರಲಿ. ಹಾಗಾದರೆ ಒಪ್ಪುತ್ತೇನೆ.

ಬುಟ್ಟಿ_ಹೊತ್ತವಳು
ಝೆರಾಕ್ಸ್ ಅಣ್ಣಾ, ಆ ಬೆರಳಿನ ಲಾಕ್ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದಾ? ಅಲ್ಲಿಯೂ ಬೆರಳು ಇಡಬೇಕಲ್ಲ.

ಝೆರಾಕ್ಸ್_ಅಂಗಡಿ
ಲಾಕ್ ಇದ್ದರೆ ಅಲ್ಲಿಯೂ ಬೆರಳು ಹೊಂದುವುದಿಲ್ಲ ಅಕ್ಕಾ. ಅಂಗಡಿಗೆ ಹೋಗುವ ಮೊದಲು ಆಪ್‌ನಲ್ಲಿ ತೆಗೆಯಬೇಕು. ಸ್ವಲ್ಪ ಹೊತ್ತಿನ ಮಟ್ಟಿಗೆ ತೆಗೆಯಬಹುದು, ಆಮೇಲೆ ತಾನಾಗಿಯೇ ಮತ್ತೆ ಲಾಕ್ ಆಗುತ್ತದೆ. ನಿಮ್ಮ ಮಗಳಿಗೆ ಒಂದು ಸಲ ತೋರಿಸಿದರೆ ಅವಳೇ ಮಾಡುತ್ತಾಳೆ. ಓಣಿಯ ಉಳಿದವರಿಗೂ ಅವಳಿಂದಲೇ ಮಾಡಿಸಿ.